ಕುಳವಾಡಿ ನಡೆದ ಗಡಿ

"ಮಣ್ಣು ಹೊರೋಕೆ ತಲೆ ಬೇಕು ಕಣ್ಲಾ ಬೋಳಿಮಗನೆ, ಬುದ್ಧಿ ಬ್ಯಾಡ," ಎಂದು ಪಟೇಲರ ಏಕಾಂತಯ್ಯ ಜಗಲಿಯ ಮೇಲಿಂದ ಎಲೆಅಡಿಕೆ ಉಗಿದ. ಉಗಿದದ್ದು ಅಪ್ಪನ ಕಾಲಿನ ಹತ್ತಿರವೇ ಬಿತ್ತು. ಅಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ.

"ಹೊಂಗೆ ಮರ ಬತ್ತಿದ್ದಂಗೆ ಎಡಕ್ಕೆ ತಿರುಗ್ಬೇಕು, ಅಷ್ಟೆ. ಎಡ ಯಾವುದು ಅಂತ ಗೊತ್ತೈತೋ ಇಲ್ವೋ?"

"ಗೊತ್ತೈತೆ ಬುದ್ಧಿ. ಎಡಕ್ಕೆ ತಿರುಗುದ್ರೆ ನಮ್ ಮಸಣ ಆಚೆ ಊರಿನ ಪಾಲಾಯ್ತದಲ್ಲ ಬುದ್ಧಿ."

"ಸತ್ತೋರಿಗೆ ಯಾವೂರಾದ್ರೇನ್ಲಾ?"

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಪಕ್ಕದ ಬಿದರೆಕಟ್ಟೆಯ ಷಡಕ್ಷರಪ್ಪ, ಏಕಾಂತಯ್ಯನ ಬೀಗ. ಅವನ ಮಗಳನ್ನೇ ಏಕಾಂತಯ್ಯನ ಮಗ ರಾಜಶೇಖರನಿಗೆ ಕೊಟ್ಟಿದ್ದು. ಇಬ್ಬರೂ ಒಂದೇ ತಟ್ಟೆಯಿಂದ ಚಕ್ಕುಲಿ ಮುರಿದು ತಿನ್ನುತ್ತಿದ್ದರು. ಇವರಿಬ್ಬರ ನಡುವೆ ಗಡಿ ತಕರಾರು ಎಂದು ಸುತ್ತಮುತ್ತಲ ಊರಿಗೆಲ್ಲ ಸುದ್ದಿ.

ನಾನು ಅಪ್ಪನ ಹಿಂದೆ ನಿಂತಿದ್ದೆ. ನಾನು ಮಂಜುಳಾ, ಕೇರಿಯ ಅಂಗನವಾಡಿಯಲ್ಲಿ ಕೆಲಸ. ಮಕ್ಕಳಿಗೆ ಎಡ ಬಲ ಹೇಳಿಕೊಡುವುದೇ ನನ್ನ ಕಸುಬು. ಅಪ್ಪನಿಗೆ ಎಡ ಹೇಳಿಕೊಟ್ಟ ಈ ಮೇಷ್ಟ್ರನ್ನು ನೋಡಿ ನನ್ನ ಮೈಯೆಲ್ಲ ಉರಿಯಿತು.

"ನೀನ್ಯಾಕೆ ಬಂದ್ಯೇ?" ಎಂದ ಏಕಾಂತಯ್ಯ, ಆಗತಾನೆ ನನ್ನನ್ನು ಕಂಡವನಂತೆ. "ಸರ್ಕಾರಿ ಸೀರೆ ಉಟ್ಕಂಡು ಸಾಕ್ಷಿ ಹೇಳಕ್ಕಾ? ಬಾಯಿ ಬಿಟ್ರೆ ಆ ಅಂಗನವಾಡಿನೂ ಇರಾಕಿಲ್ಲ, ಕೇರಿ ನಲ್ಲೀಲಿ ನೀರೂ ಬರಾಕಿಲ್ಲ. ನಡೀರಿ."

ನಮ್ಮೂರು ಕರೇಕಲ್ಲಹಳ್ಳಿ. ಕಣಕಟ್ಟೆಯಿಂದ ಬಸ್ಸಿಳಿದು ಒಳಕ್ಕೆ ನಡೆಯಬೇಕು. ಬೇಲೂರಿನ ಕಡೆ ಸುರಿದು ಮಿಕ್ಕ ಮೋಡ ನಮ್ಮ ಮೇಲೆ ಸುಮ್ಮನೆ ಹಾದುಹೋಗುತ್ತದೆ. ಪಶ್ಚಿಮಕ್ಕೆ ಕೆರೆ, ಕೆರೆಯ ಕೆಳಗೆ ಅವರ ತೆಂಗಿನ ತೋಟಗಳು, ಪೂರ್ವಕ್ಕೆ ಒಣಗಿದ ಹಳ್ಳ. ಹಳ್ಳವೇ ನಮಗೂ ಬಿದರೆಕಟ್ಟೆಗೂ ಗಡಿ. ಹಳ್ಳದ ಈಚೆ ದಂಡೆಯಲ್ಲಿ ನಮ್ಮ ಕೇರಿಯ ಮಸಣ. ನನ್ನ ಅವ್ವ ಬೋರಮ್ಮ ಅಲ್ಲೇ ಮಲಗಿದ್ದಾಳೆ, ಅವಳ ಮಗ್ಗುಲಲ್ಲಿ ಹುಟ್ಟಿ ಉಳಿಯದ ನನ್ನ ಇಬ್ಬರು ತಮ್ಮಂದಿರು. ಕೇರಿಗೆ ತನ್ನದು ಎನ್ನಲು ಇರುವ ಮಣ್ಣು ಅದೊಂದೇ.

ಈ ಊರಿನ ನಕ್ಷೆಯನ್ನು ಶಾಲೆಯ ಗೋಡೆಗೆ ಬಣ್ಣದಲ್ಲಿ ಬರೆಸಿದ್ದಾರೆ. ಬಿಳಿ ದೊರೆಯ ಕಾಲದ ಅಳತೆ ನೋಡಿ ಬರೆದದ್ದಂತೆ. ಈಶ್ವರನ ಗುಡಿ ಇದೆ, ಪಟೇಲರ ಮನೆ ಇದೆ, ಕೆರೆಯ ತೂಬೂ ಇದೆ. ಕೇರಿ ಇರಬೇಕಾದ ಜಾಗದಲ್ಲಿ ಉತ್ತರ ದಿಕ್ಕು ತೋರಿಸುವ ದೊಡ್ಡ ಬಾಣವಿದೆ. ಅದೇ ಶಾಲೆಯಲ್ಲಿ ಓದುವಾಗ ನಮ್ಮ ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ಮೇಷ್ಟ್ರು ಬಾಣದ ಮೇಲೆ ಕೋಲಿಟ್ಟು ಮುಂದಿನ ಪಾಠಕ್ಕೆ ಹೋಗಿದ್ದರು.

ಆ ದೊರೆ ಅಳತೆಗೆ ಬಂದಾಗ ಗಡಿ ತೋರಿಸಿದವರು ನಮ್ಮವರೇ. ಅಪ್ಪ ಉಗ್ರಪ್ಪ ಕುಳವಾಡಿ, ಊರ ಗಡಿ ಕಾಯುವ ಮನೆತನದವನು. ಎರಡು ಊರಿಗೆ ಗಡಿಜಗಳ ಬಂದರೆ ಊರ ನಡುವಿನ ಮಣ್ಣಿನಿಂದ ಉಂಡೆ ಕಟ್ಟಿ, ಉಂಡೆಯ ಗುಳಿಗೆ ನೀರು ಬಿಟ್ಟು, ಕುಳವಾಡಿಯ ತಲೆಗೆ ಹೊರಿಸುತ್ತಾರೆ. ಅವನು ನಡೆದದ್ದೇ ಗಡಿ. ತಪ್ಪು ನಡೆದರೆ ಉಂಡೆ ಒಡೆಯುತ್ತದೆ, ಹೊತ್ತವನು ತಿಂಗಳೊಳಗೆ ಸಾಯುತ್ತಾನೆ, ಮನೆ ಹಾಳು ಬೀಳುತ್ತದೆ. ಅಪ್ಪನ ಮುತ್ತಾತ ಹೀಗೆ ಹೊತ್ತು ನಡೆದಾಗ ದೊರೆ ಕುದುರೆಯ ಮೇಲೆ ಹಿಂದೆ ಹಿಂದೆ ಬಂದನಂತೆ. ಸರಪಳಿ ಹಿಡಿದವರು ಅಳೆದರು, ಕಲ್ಲು ನೆಟ್ಟರು. ಗಡಿ ತೋರಿಸಿದ್ದಕ್ಕೆ ಏಕಾಂತಯ್ಯನ ಹಿರಿಯರಿಗೆ ಪಟೇಲಿಕೆ ಗಟ್ಟಿಯಾಯಿತು. ನಮ್ಮ ಹಿರಿಯನಿಗೆ ಒಂದು ಕಂಬಳಿ ಸಿಕ್ಕಿತು. ಅಪ್ಪ ಇಂದಿಗೂ ಆ ಕಂಬಳಿಯ ಮಾತನ್ನು ಹೆಮ್ಮೆಯಿಂದ ಆಡುತ್ತಾನೆ, ನನಗೆ ಹೊಟ್ಟೆ ಉರಿಯುತ್ತದೆ.

ಹಳ್ಳದ ದಂಡೆಯಲ್ಲಿದ್ದ ಆ ಗಡಿಕಲ್ಲು ಕಳೆದ ಬೇಸಗೆಯಲ್ಲಿ ಕಾಣೆಯಾಯಿತು. ಏಕಾಂತಯ್ಯನ ಹಿತ್ತಿಲಿಗೆ ಬಟ್ಟೆ ಒಗೆಯುವ ಹೊಸ ಕಲ್ಲೊಂದು ಬಂತು. ಕೇಳುವವರು ಯಾರು? ಬೀಗರಿಬ್ಬರೂ ತಕರಾರು ಎಂದರು. ಕೋರ್ಟು ಕಚೇರಿ ಬೇಡ, ಹಳೇ ಪದ್ಧತಿಯಂತೆ ತೀರಿಸಿಕೊಳ್ಳಿ ಎಂದು ಅವರ ಮಠದಿಂದ ಅಪ್ಪಣೆಯಾಯಿತು. ಒಳಗಿನ ಲೆಕ್ಕ ಬೇರೆಯೇ ಇತ್ತು. ಕಾಲುವೆ ಪಕ್ಕದ ಬಿದರೆಕಟ್ಟೆಯ ಗದ್ದೆ ಏಕಾಂತಯ್ಯನಿಗೆ, ಅದಕ್ಕೆ ಬದಲು ನಮ್ಮ ಮಸಣ ಷಡಕ್ಷರಪ್ಪನ ತೋಟಕ್ಕೆ. ನಾಳೆ ಕೇರಿಯವರು ಕೇಳಿದರೆ ಉತ್ತರವೂ ಸಿದ್ಧವಿತ್ತು: ನಿಮ್ಮವನೇ ನಡೆದ ಗಡಿ, ನಾವೇನು ಮಾಡೋಣ?

ಜಗಲಿಯಿಂದ ಮರಳಿದ ಆ ಸಂಜೆ ಅಪ್ಪ ಮುದ್ದೆ ಮುಟ್ಟಲಿಲ್ಲ. ಪಕ್ಕದ ಮನೆಯ ಗಿಡ್ಡಮ್ಮ ದೊಡ್ಡವ್ವ ಬಂದು ಹೊಸಿಲ ಮೇಲೆ ಕೂತಳು.

"ತಿರುಗ್ತೀಯೇನ್ಲಾ ಉಗ್ರ?"

"ತಿರುಗ್ದಿದ್ರೆ ನೀರು ನಿಲ್ಲುಸ್ತಾರೆ ಕಣಕ್ಕ. ಈ ಮಗೀನ ಕೆಲ್ಸನೂ ತೆಗೀತಾರೆ."

"ತಿರುಗುದ್ರೆ?"

"ತಿರುಗುದ್ರೆ ಸುಳ್ಳು ಹೊತ್ತಂಗಾಯ್ತದೆ. ನಾನು ಸಾಯ್ತೀನಿ, ಸಾಯ್ಲಿ. ಇವಳೊಬ್ಬಳು ಉಳಿದವ್ಳೆ. ಮನೆ ಹಾಳು ಬಿದ್ರೆ ಇವಳೇ ಅಲ್ವಾ ಬೀಳೋದು?"

"ಅಪ್ಪಾ, ಮಣ್ಣುಂಡೆ ಯಾರನ್ನೂ ಸಾಯ್ಸಲ್ಲ," ಎಂದೆ. "ಅವರು ಸಾಯ್ಸ್ತಾರೆ. ಹೊರಲ್ಲ ಅಂತ ಹೇಳ್ಬಿಡು."

"ಹೊರಲ್ಲ ಅಂದ್ರೆ ಕುಳವಾಡಿಕೆ ಹೋಯ್ತದೆ ಕಣವ್ವ."

"ಹೋಗ್ಲಿ! ಏನ್ ಕೊಟ್ಟೈತೆ ಅದು ನಮಗೆ? ಒಂದು ಕಂಬಳಿ!"

ಅಪ್ಪ ನನ್ನ ಮುಖ ನೋಡಿದ. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಆಡಿದ ಮಾತು ವಾಪಸ್ಸು ತೆಗೆದುಕೊಳ್ಳುವಂತಿದ್ದರೆ ಆಗಲೇ ತೆಗೆದುಕೊಳ್ಳುತ್ತಿದ್ದೆ.

ಸೋಮವಾರ ಬೆಳಿಗ್ಗೆ ಗುಡಿಯ ಮುಂದೆ ಎರಡೂ ಊರು ಸೇರಿದವು. ನಾವು ಹುಣಸೆಮರದ ಆಚೆ, ಅವರು ಈಚೆ. ಪೂಜಾರಿ ಉಂಡೆಗೆ ಮೇಲಿನಿಂದ ನೀರು ಬಿಟ್ಟ, ಕೈ ತಾಗದಂತೆ. ಅಪ್ಪನೇ ಉಂಡೆ ಎತ್ತಿ ತಲೆಗಿಟ್ಟುಕೊಂಡ. ಮಣ್ಣು ತಲೆಯ ಮೇಲಿರುವಷ್ಟು ಹೊತ್ತು ಅವನನ್ನು ಯಾರೂ ಮುಟ್ಟಬಾರದು, ತಡೆಯಬಾರದು. ನಮ್ಮನ್ನು ಮುಟ್ಟದಿರುವುದು ಅವರಿಗೆ ಹೊಸ ಕಷ್ಟವೇನಲ್ಲ.

ಅಪ್ಪ ಮುಂದೆ, ಅವರು ಹಿಂದೆ ಬರಿಗಾಲಲ್ಲಿ, ಅವರ ಹಿಂದೆ ದೂರದಲ್ಲಿ ನಾವು. ಕೊನೆಯಲ್ಲಿ ಟ್ರ್ಯಾಕ್ಟರು, ಅದರ ಮೇಲೆ ಹೊಸ ಗಡಿಕಲ್ಲು. ನೆಡುವುದಕ್ಕೆ ಕೂಲಿಗೆ ಕರೆದದ್ದು ನಮ್ಮ ಕೇರಿಯ ದೇವರಾಜನನ್ನೇ. ಅವನು ಹಾರೆ ಹಿಡಿದು ತಲೆ ತಗ್ಗಿಸಿ ಕೂತಿದ್ದ.

ಹೊಂಗೆ ಮರ ಬಂತು. ಅಪ್ಪ ನಿಂತ. ಉಂಡೆಯಿಂದ ಜಿನುಗಿದ ಕೆಸರು ಅವನ ಕಿವಿಯ ಹಿಂದೆ ಇಳಿಯುತ್ತಿತ್ತು. ಏಕಾಂತಯ್ಯ ಒಮ್ಮೆ ಕೆಮ್ಮಿದ.

ಅಪ್ಪ ನೇರವಾಗಿ ನಡೆದ.

ಹಳ್ಳದ ಕಡೆಗೆ, ಅವನ ಮುತ್ತಾತ ನಡೆದ ದಾರಿಯಲ್ಲಿ. ಗಿಡ್ಡಮ್ಮ ದೊಡ್ಡವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

"ಏಯ್! ಎಡಕ್ಕೆ! ಎಡಕ್ಕೆ ಕಣ್ಲಾ!" ಷಡಕ್ಷರಪ್ಪ ಕೂಗಿದ. ತಕರಾರಿನ ಎದುರುಪಕ್ಷದವನೇ ಎಡಕ್ಕೆ ಎಂದು ಕೂಗಿದ್ದು ಎರಡೂ ಊರಿನ ಕಿವಿಗೆ ಬಿತ್ತು.

ರಾಜಶೇಖರ ಹಾಸನದಲ್ಲಿ ಡಿಗ್ರಿ ಮಾಡಿದವನು. ಅವನಿಗೆ ಮಡಿ ಮೈಲಿಗೆ ಯಾವುದರಲ್ಲೂ ನಂಬಿಕೆಯಿಲ್ಲ, ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ. "ಮುಟ್ಬ್ಯಾಡ ಕಣೋ!" ಎಂದು ಅವರಪ್ಪ ಅರಚುವಷ್ಟರಲ್ಲಿ ಓಡಿಹೋಗಿ ಅಪ್ಪನ ಬೆನ್ನಿಗೆ ಒದ್ದ. ಅಪ್ಪ ಮಸಣದ ಅಂಚಿನಲ್ಲಿ ಮುಖ ಅಡಿಯಾಗಿ ಬಿದ್ದ. ಉಂಡೆ ಒಡೆಯಿತು.

ಮೊದಲು ಸಾವರಿಸಿಕೊಂಡವನು ಷಡಕ್ಷರಪ್ಪ.

"ಉಂಡೆ ಒಡೀತು, ಎಲ್ರೂ ನೋಡುದ್ರಲ್ಲ? ಸುಳ್ಳು ನಡೆದವ್ನೆ. ಅದಕ್ಕೇ ಒಡೀತು. ಗಡಿ ಹೊಂಗೆ ಮರದ ತಾವ್ಲೇ!"

"ಹೌದು, ಹೌದು," ಎಂದರು ಹಿಂದಿದ್ದವರು. ಒದ್ದ ಕಾಲನ್ನು ಕಂಡವರೇ ಹೌದು ಎಂದರು.

ನಾನು ಅಪ್ಪನನ್ನು ಎಬ್ಬಿಸಲು ಹೋದೆ. ತುಟಿ ಒಡೆದು ರಕ್ತ ಬರುತ್ತಿತ್ತು. ಅವನು ರಕ್ತ ನೋಡಿಕೊಳ್ಳಲಿಲ್ಲ, ಒಡೆದ ಮಣ್ಣನ್ನು ನೋಡುತ್ತಿದ್ದ.

"ಒಡೆದೋಯ್ತು ಕಣವ್ವ. ನಾನು ನೇರ್ವಾಗೇ ನಡೆದೆ. ಆದ್ರೂ ಒಡೆದೋಯ್ತು."

"ಅವನು ಒದ್ದ ಅಪ್ಪಾ!"

"ಒಡೆದೋಯ್ತು," ಎಂದ ಮತ್ತೆ. ಒದ್ದವನನ್ನು ಬಿಟ್ಟು ಮಣ್ಣಿಗೆ ಹೆದರಿದ್ದ. ಅದನ್ನು ನೋಡಿದ ಮೇಲೆ ನನಗೆ ಅಂಗನವಾಡಿಯೂ ಬೇಡವಾಯಿತು, ನಲ್ಲಿಯೂ ಬೇಡವಾಯಿತು.

ಮಣ್ಣನ್ನೆಲ್ಲ ಬಾಚಿಕೊಂಡೆ. ಗಿಡ್ಡಮ್ಮ ದೊಡ್ಡವ್ವ ಕೇಳದೆಯೇ ತನ್ನ ತಂಬಿಗೆಯ ನೀರು ಹುಯ್ದಳು. ಉಂಡೆ ಕಟ್ಟಿ ತಲೆಗಿಟ್ಟುಕೊಂಡು ಎದ್ದು ನಿಂತೆ.

"ಇಳುಸೇ ಅದನ್ನ!" ಏಕಾಂತಯ್ಯ ಕಿರುಚಿದ. "ಹೆಂಗಸು ಹೊರಂಗಿಲ್ಲ! ಪದ್ಧತೀಲಿಲ್ಲ!"

"ಒದೆಯೋದು ಪದ್ಧತೀಲಿ ಐತಾ?" ಎಂದೆ. "ನಿಮ್ಮ ಮಗ ಒಂದು ಸಲ ಮುಟ್ಟಿದ್ದಾಯ್ತು. ಇನ್ನೊಂದು ಸಲ ಮುಟ್ಸಿ. ಹಾಳು ಬೀಳೋದು ಯಾರ ಮನೆ ನೋಡಣ."

ರಾಜಶೇಖರ ಮುಂದೆ ಬಂದ. ಏಕಾಂತಯ್ಯ ಅವನ ರಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನಾನು ನಂಬದ್ದನ್ನು ಅವರಪ್ಪ ನಂಬಿದ್ದ. ಅಷ್ಟು ಹೊತ್ತು ನನಗೆ ಸಾಕಿತ್ತು.

ನಡೆದೆ. ಅವ್ವನ ಗುಡ್ಡೆ ದಾಟಿದೆ, ತಮ್ಮಂದಿರ ಗುಡ್ಡೆ ದಾಟಿದೆ. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಹಿಂದೆ ಬಂದರು. ಮಸಣವನ್ನೆಲ್ಲ ಬಳಸಿ ಹಳ್ಳದ ದಂಡೆಗೆ ಬಂದು, ಕಿತ್ತ ಕಲ್ಲಿನ ಗುಂಡಿ ಇನ್ನೂ ಮುಚ್ಚಿರದ ಜಾಗದಲ್ಲಿ ನಿಂತೆ.

"ದೇವರಾಜ!" ಎಂದು ಗಿಡ್ಡಮ್ಮ ದೊಡ್ಡವ್ವ ಕೂಗಿದಳು. "ಕಲ್ಲು ತತ್ತಾರ್ಲಾ. ನೆಡಾಕೆ ತಾನೆ ನಿನ್ನ ಕರೆದಿರೋದು?"

ದೇವರಾಜ ಏಕಾಂತಯ್ಯನನ್ನು ನೋಡಿದ, ನಮ್ಮನ್ನು ನೋಡಿದ. ಟ್ರ್ಯಾಕ್ಟರಿನಿಂದ ಧುಮುಕಿದ. ಕೇರಿಯ ಗಂಡಸರು ಕಲ್ಲಿಗೆ ಹೆಗಲು ಕೊಟ್ಟರು.

"ಪೊಲೀಸ್ನೋರ್ನ ಕರ್ಕಂಡ್ ಬತ್ತೀನಿ! ಒಬ್ಬೊಬ್ಬರ ಚರ್ಮ ಸುಲುಸ್ತೀನಿ ಸೂಳೆಮಕ್ಕಳಾ!" ರಾಜಶೇಖರ ಊರ ಕಡೆ ಓಡಿದ, ಸ್ವಲ್ಪ ಹೊತ್ತಿಗೆ ಅವನ ಬೈಕು ಕಣಕಟ್ಟೆಯ ಕಡೆ ಧೂಳೆಬ್ಬಿಸಿತು. ಪೊಲೀಸರು ಬರುತ್ತಾರೆ, ನಮ್ಮನ್ನೇ ಒಯ್ಯುತ್ತಾರೆ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಕಲ್ಲನ್ನು ಗುಂಡಿಗೆ ಇಳಿಸುವಾಗ ಅಪ್ಪ ಬಂದು ಮೊಣಕಾಲೂರಿ ಕೂತ. ಬಾಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ನಾನು ಅವನ ಕೈ ಹಿಡಿಯುವಂತಿರಲಿಲ್ಲ, ನನ್ನ ಎರಡೂ ಕೈ ತಲೆಯ ಮೇಲಿನ ಉಂಡೆ ಹಿಡಿದಿದ್ದವು. ಅವನು ನನ್ನತ್ತ ನೋಡದೆ ಗುಂಡಿಗೆ ಹಳ್ಳದ ಜಲ್ಲಿ ತುಂಬತೊಡಗಿದ.

"ನಂದು ಈ ತಿಂಗಳಿಗೆ ಮುಗೀತು," ಎಂದ ದೇವರಾಜನಿಗೆ. "ಇಲ್ಲೇ ಹೂಳ್ಬೇಕು ನನ್ನ, ಬೋರಿ ಮಗ್ಗುಲಿಗೆ. ಗಟ್ಟಿಯಾಗಿ ತುಳೀರ್ಲಾ, ಕೀಳಾಕೆ ಆಗ್ಬಾರ್ದು."

ಅವರು ತುಳಿದರು.