ಬೀಗದಮ್ಮನ ಸೋದರಮಾವ

ಬೀಗ ಹಾಕಿ ಏಳು ಹೆಜ್ಜೆ ನಡೆದ ಮೇಲೆ ಮತ್ತೆ ಹಿಂದಿರುಗಿ ಬಂದು, ಅದೇ ಬೀಗವನ್ನು ಎರಡು ಸಲ ಜಗ್ಗಿ ನೋಡದೆ ಆಕೆ ಆಸ್ಪತ್ರೆಯ ಆ ಕಾರಿಡಾರನ್ನು ದಾಟಿದ್ದನ್ನು ನಾನು ಹನ್ನೆರಡು ವರ್ಷಗಳಲ್ಲಿ ಒಮ್ಮೆಯೂ ಕಂಡಿಲ್ಲ. ಗಿಡ್ಡ ಆಕೃತಿ, ಒಂದು ಭುಜವನ್ನು ತುಸು ಮುಂದೆ ಚಾಚಿದ ಅವಸರದ ನಡಿಗೆ, ಮೈಮೇಲೆ ಒಗೆದೊಗೆದು ಬೂದಿಬಣ್ಣಕ್ಕೆ ತಿರುಗಿದ ಬಿಳಿ ಕೋಟು. ಆ ಕೋಟಿನ ಎರಡು ಜೇಬುಗಳ ಬಾಯಿಗೂ ಪಿನ್ನು. ಪೆನ್ನು ಬೇಕಾದರೆ ಮೊದಲು ಪಿನ್ನು ಬಿಚ್ಚಬೇಕು, ಬರೆದಾದ ಮೇಲೆ ಮತ್ತೆ ಚುಚ್ಚಬೇಕು. ಆಸ್ಪತ್ರೆಯವರೆಲ್ಲ ಬೆನ್ನ ಹಿಂದೆ ಬೀಗದಮ್ಮ ಎನ್ನುತ್ತಿದ್ದರು. ಅದು ಆಕೆಗೂ ಗೊತ್ತಿತ್ತು, ಆ ಹೆಸರಿಟ್ಟವರು ಯಾರೆಂಬ ಬಗ್ಗೆ ಮೂರು ಜನರ ಮೇಲೆ ಗುಮಾನಿಯೂ ಇತ್ತು.

ಯಾರು ಏನೇ ಹೇಳಲಿ, "ನೋಡೋಣ" ಎಂಬುದೊಂದೇ ಉತ್ತರ. ಹೊರಗೆ ಬಿಸಿಲು ಜೋರಾಗಿದೆ ಎಂದರೂ ನೋಡೋಣ, ಮಗಳಿಗೆ ಮದುವೆ ಗೊತ್ತಾಯಿತು ಎಂದು ನರ್ಸಮ್ಮ ಸಂಭ್ರಮದಿಂದ ಹೇಳಿದರೂ ನೋಡೋಣ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಹಿರಿಯರು ಈಕೆಗಾಗಿಯೇ ಮಾಡಿಟ್ಟು ಹೋದಂತಿತ್ತು.

ಹಾಗೆಂದು ರಕ್ತನಿಧಿಯ ಉಸ್ತುವಾರಿ ಹೊತ್ತಿದ್ದ ಆಕೆ ಕಾಯುತ್ತಿದ್ದುದು ಬಂಗಾರವನ್ನಲ್ಲ. ಸಾವಿರಾರು ಜನರಲ್ಲಿ ಒಬ್ಬರಿಗೆ ಮಾತ್ರ ಇರುವ ಅಪರೂಪದ ಗುಂಪುಗಳ ರಕ್ತ ಯಾರ ಯಾರ ಮೈಯಲ್ಲಿ ಹರಿಯುತ್ತಿದೆ ಎಂಬ ನೂರ ನಲವತ್ತು ಹೆಸರುಗಳು, ಅವರ ವಿಳಾಸಗಳು, ಹದಿನಾಲ್ಕು ವರ್ಷಗಳ ಪತ್ರವ್ಯವಹಾರ, ಎಲ್ಲವೂ ರಕ್ತನಿಧಿಯ ಮೂಲೆಕೋಣೆಯ ಒಂದು ಹಳೆಯ ಕಂಪ್ಯೂಟರಿನ ಇಮೇಲಿನಲ್ಲಿದ್ದವು. ಮೇಷ್ಟರ ಕೆಲಸದ ನಾನೂ ಆ ನೂರ ನಲವತ್ತರಲ್ಲಿ ಒಬ್ಬ. ಅದಕ್ಕೂ ಮೊದಲು ಪಟ್ಟಿ ಗೋಡೆಯ ಮೇಲೆ ತೂಗುತ್ತಿತ್ತಂತೆ. ಯಾರೋ ಅದನ್ನು ಬರೆದುಕೊಂಡು ಹೋಗಿ ದಲ್ಲಾಳಿಗಳ ಕೈಗೆ ಕೊಟ್ಟರು. ದಲ್ಲಾಳಿಗಳು ಹೊತ್ತುಗೊತ್ತಿಲ್ಲದೆ ಮನೆಬಾಗಿಲು ತಟ್ಟಿದರು. ರೋಸಿಹೋದ ಹನ್ನೊಂದು ಜನ ಹೆಸರು ಹೊಡೆಸಿ ಹಾಕಿದರು. ಆ ವರ್ಷವೇ ಒಬ್ಬ ಬಾಣಂತಿಗೆ ಅವರಲ್ಲೊಬ್ಬರ ರಕ್ತ ಬೇಕಾಯಿತು, ಸಿಗಲಿಲ್ಲ. ಅಂದಿನಿಂದ, ಹೊಸದಾಗಿ ಹೆಸರು ಕೊಡುವ ಪ್ರತಿಯೊಬ್ಬರಿಗೂ ಆಕೆ ಒಂದೇ ಮಾತು ಕೊಡುತ್ತಾ ಬಂದರು: ನಿಮ್ಮ ವಿಳಾಸ ನನ್ನನ್ನು ದಾಟಿ ಹೋಗುವುದಿಲ್ಲ.

ಆ ಮಾತನ್ನು ಉಳಿಸಿಕೊಳ್ಳಲು ಆಕೆ ಹೂಡಿದ ಉಪಾಯ ನನಗೆ ತಿಳಿದದ್ದು ಬಹಳ ತಡವಾಗಿ. ರಕ್ತ ಕೊಡುವ ನನ್ನ ಸರದಿ ಸೋಮವಾರ ಬಿದ್ದಾಗಲೆಲ್ಲ ಆಕೆ ಬೆಳಿಗ್ಗೆ ಯಾವುದೋ ಅಂಚೆಪೆಟ್ಟಿಗೆಯನ್ನು ಕಂಪ್ಯೂಟರಿನಲ್ಲಿ ತೆರೆದು, "ಮಾವನಿಗೆ ಕಾಗದ ಬಂದಿಲ್ಲ" ಎಂದು ತೃಪ್ತಿಯಿಂದ ಹೇಳಿಕೊಳ್ಳುವುದನ್ನು ಕೇಳಿದ್ದೆ. ಯಾರೂ ಬರೆಯದ ಆ ಸೋದರಮಾವನ ಬಗ್ಗೆ ಮರುಗಿಯೂ ಇದ್ದೆ. ವಾಸ್ತವದಲ್ಲಿ ಆಕೆಗೆ ಸೋದರಮಾವನೇ ಇರಲಿಲ್ಲ. ಪಟ್ಟಿಯ ನಡುವೆ ಮಾವ ಎಂಬ ಒಂದು ಸುಳ್ಳು ಹೆಸರನ್ನು ಸೇರಿಸಿ, ಅದಕ್ಕೆ ತಾವೇ ತೆರೆದ ಬೇರೊಂದು ಇಮೇಲ್ ವಿಳಾಸವನ್ನು ಕೊಟ್ಟಿದ್ದರು. ಪಟ್ಟಿಯನ್ನು ಕದ್ದವರು ಎಲ್ಲರಿಗೂ ಬರೆದಂತೆ ಮಾವನಿಗೂ ಬರೆಯುತ್ತಾರೆ, ಆಗ ಸಿಕ್ಕಿಬೀಳುತ್ತಾರೆ ಎಂಬುದು ಲೆಕ್ಕಾಚಾರ. ಹದಿನಾಲ್ಕು ವರ್ಷ ಮಾವ ಒಂಟಿಯಾಗಿಯೇ ಇದ್ದ.

ಹಳೆಯ ಕಂಪ್ಯೂಟರ್ ಏದುಸಿರು ಬಿಡತೊಡಗಿದಾಗ ಹೊಸದು ಬಂತು. ಆಸ್ಪತ್ರೆಯ ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ರಿಪೇರಿಯವರು ಐವತ್ತರ ಅಂಚಿನ, ಮಾತು ಕಮ್ಮಿಯ ಮನುಷ್ಯ. ಅವರು ಮೊದಲು ಇಮೇಲನ್ನು ಪೂರ್ತಿ ಮುಚ್ಚಿದರು, ತೆರೆದ ಫೈಲನ್ನು ನಕಲು ಮಾಡಿದರೆ ಅರ್ಧಂಬರ್ಧ ಬರುತ್ತದೆಂದು. ಪತ್ರಗಳ ಫೈಲನ್ನೂ ವಿಳಾಸಗಳ ಫೈಲನ್ನೂ ಬೇರೆ ಬೇರೆಯಾಗಿ ಡಿಸ್ಕಿಗೆ ಇಳಿಸಿಕೊಂಡು, ಹೊಸದಕ್ಕೆ ಹಾಕಿ, ಎರಡೂ ಕಡೆಯ ಗಾತ್ರವನ್ನು ತಾಳೆ ನೋಡಿದರು. ಬೀಗದಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಮೈಯೆಲ್ಲ ಕಣ್ಣಾಗಿ ಕುಳಿತಿದ್ದರು. ಇಷ್ಟು ನಿಧಾನವಾಗಿ ಕೆಲಸ ಮಾಡುವವರ ಮನಸ್ಸಿನಲ್ಲಿ ಏನೋ ಇರುತ್ತದೆ ಎಂದು ಆಕೆಗೆ ಮೊದಲ ಅನುಮಾನ. ಹೊಸದು ಸರಿಯಾಗಿ ನಡೆಯುತ್ತದೆಂದು ಖಾತ್ರಿಯಾಗುವವರೆಗೆ, ಒಂದು ತಿಂಗಳಾದರೂ ಹಳೆಯದನ್ನು ಅಳಿಸಬಾರದು ಎಂದು ಅವರು ಹೇಳಿದಾಗ ಎರಡನೆಯ ಅನುಮಾನ: ಹಳೆಯದು ಇವರಿಗೇಕೆ ಬೇಕು? ಅಷ್ಟರಲ್ಲಿ ರಕ್ತವಿಡುವ ಶೀತಲಪೆಟ್ಟಿಗೆಯ ಗಂಟೆ ಹೊಡೆದುಕೊಂಡಿತು, ಆಕೆ ಓಡಬೇಕಾಯಿತು. ಹೋಗಿ ಬಂದದ್ದು ಏಳು ನಿಮಿಷ. ಆ ಏಳು ನಿಮಿಷವನ್ನು ಆಕೆ ಗಡಿಯಾರ ನೋಡಿ ಬರೆದಿಟ್ಟುಕೊಂಡರು.

ಮುಂದಿನ ಸೋಮವಾರ ಮಾವನಿಗೆ ಕಾಗದ ಬಂದಿತ್ತು.

ಅಂದು ನನ್ನ ಸರದಿ. ಮಂಚದ ಮೇಲೆ ಮಲಗಿದ್ದೆ, ತೋಳಿನಲ್ಲಿ ಸೂಜಿ ಇದ್ದುದರಿಂದ ಎದ್ದು ಹೋಗುವ ಹಾಗಿರಲಿಲ್ಲ, ಮೂಲೆಕೋಣೆಯ ಬಾಗಿಲು ಅರೆತೆರೆದಿತ್ತು. ಕಾಗದದಲ್ಲಿ ಒಂದಕ್ಷರವೂ ಇರಲಿಲ್ಲವಂತೆ. ಕಳಿಸಿದವರ ಜಾಗದಲ್ಲಿ ಇದ್ದುದು ಆಕೆಯದೇ ಹೆಸರು. ಮೇಜಿನ ಮೇಲೆ ಎರಡು ಹಾಳೆಗಳು ಸಿದ್ಧವಾಗಿದ್ದವು. ಒಂದು, ರಿಪೇರಿಯವರನ್ನು ಕೆಲಸದಿಂದ ತೆಗೆಯಬೇಕೆಂದು ಮೇಲಧಿಕಾರಿಗೆ ದೂರು. ಇನ್ನೊಂದು, ನಿಮ್ಮ ವಿಳಾಸ ಕೈಬಿಟ್ಟು ಹೋಗಿದೆ, ಕ್ಷಮಿಸಿ ಎಂದು ನಮ್ಮೆಲ್ಲರಿಗೆ. ಎರಡನೆಯದು ಹೊರಟಿದ್ದರೆ ಪಟ್ಟಿಯ ಅರ್ಧ ಜನ ಅಂದೇ ಹೆಸರು ಹೊಡೆಸುತ್ತಿದ್ದರು. ರಿಪೇರಿಯವರನ್ನು ಕರೆಸಿ, ನಿಲ್ಲಿಸಿಯೇ ಕೇಳಿದರು.

"ನನ್ನ ಹೆಸರಲ್ಲಿ ನಮ್ಮ ಮಾವನಿಗೆ ಕಾಗದ ಹಾಕಿದ್ದು ಯಾರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿಯಲ್ಲ ಅವರು. "ನಾನೇ ಅಮ್ಮ. ವಿಳಾಸ ಕೆಲಸ ಮಾಡುತ್ತಾ ಅಂತ ಒಂದು ಕಳಿಸಿ ನೋಡಬೇಕಿತ್ತು. ನಿಜವಾದವರಿಗೆ ಕಳಿಸಿದ್ರೆ, ಯಾರಿಗೋ ರಕ್ತ ಬೇಕು ಅಂದ್ಕೊಂಡು ಓಡಿ ಬರ್ತಿದ್ರು."

"ಮಾವ ನಿಜವಲ್ಲ ಅಂತ ನಿಮಗೆ ಯಾರು ಹೇಳಿದ್ದು?" ಆಕೆಯ ದನಿ ಸಣ್ಣಗಾಗಿತ್ತು.

"ಯಾರೂ ಹೇಳಲಿಲ್ಲ. ಮುಗೀತು ಅಂತ ಕಂಪ್ಯೂಟರ್ ಹೇಳಿದ್ರೆ ನಂಬೋನಲ್ಲ ನಾನು, ಒಂದೊಂದೇ ತೆಗೆದು ನೋಡ್ತೀನಿ. ಎಲ್ಲರ ಹೆಸರಿನ ಮುಂದೆನೂ ಅವರದು ಏನಾದ್ರೂ ಒಂದು ಕುಂದು ಬರೆದಿಟ್ಟಿದ್ದೀರಿ. ಮಾವನ ಮುಂದೆ ಮಾತ್ರ ಏನೂ ಇಲ್ಲ. ಅಂಥ ಮನುಷ್ಯ ಎಲ್ಲಿರ್ತಾನೆ?"

ಒಳಗೆ ಹಾಳೆ ಹರಿಯುವ ಸದ್ದು. ಆಮೇಲೆ ಪಿನ್ನು ಬಿಚ್ಚುವ ಸದ್ದು. ಕತ್ತು ಚಾಚಿ ನೋಡಿದೆ. ನಮಗೆಲ್ಲ ಬರೆದಿದ್ದ ಹಾಳೆಯನ್ನು ಆಕೆ ಚೂರುಚೂರು ಮಾಡಿ ಬುಟ್ಟಿಗೆ ಹಾಕಿದ್ದರು. ದೂರಿನ ಹಾಳೆಯನ್ನು ಮಾತ್ರ ನಾಲ್ಕಾಗಿ ಮಡಚಿ ಜೇಬಿಗಿಟ್ಟು ಪಿನ್ನು ಚುಚ್ಚುತ್ತಿದ್ದರು. "ನೋಡೋಣ" ಎಂದರು. ರಿಪೇರಿಯವರು ಅದೇ ಸರಿ ಎಂಬಂತೆ ತಲೆಯಾಡಿಸಿ ಹೊರಗೆ ಬಂದರು.

ನಾಲ್ಕು ತಿಂಗಳ ನಂತರ ಹೋದಾಗ, ವಿಳಾಸ ಸರಿಯಿದೆಯೇ ಎಂದು ನೋಡಲು ಆಕೆ ನನ್ನನ್ನು ಹೊಸ ಕಂಪ್ಯೂಟರಿನ ಮುಂದೆ ಕೂರಿಸಿದರು. ಬೇರೆಯವರ ಹೆಸರು ನನ್ನ ಕಣ್ಣಿಗೆ ಬೀಳಬಾರದೆಂದು, ಒಂದೇ ಸಾಲಿನಷ್ಟು ಸೀಳು ಮಾಡಿದ ರಟ್ಟೊಂದನ್ನು ಪರದೆಗೆ ಹಿಡಿದಿದ್ದರು. ಆ ಸೀಳಿನಲ್ಲಿ ನಾನಿದ್ದೆ: "ಮೇಷ್ಟ್ರು. ಮಾತು ಜಾಸ್ತಿ. ಸೂಜಿ ಕಂಡರೆ ಬೆವರುತ್ತಾರೆ. ಕರೆದರೆ ಬರುತ್ತಾರೆ." ಓದಿ ನಗು ಬಂತು, ಕೊನೆಯ ಎರಡು ಪದಗಳನ್ನು ಮತ್ತೊಮ್ಮೆ ಓದಿದೆ. ಆಗ ಆಕೆ, ನನ್ನ ಕಡೆ ನೋಡದೆಯೇ, ರಟ್ಟನ್ನು ಒಂದು ಸಾಲು ಮೇಲಕ್ಕೆ ಜರುಗಿಸಿದರು. ಕೈತಪ್ಪಿ ಆದದ್ದಲ್ಲ ಅದು. ಆಕೆಯ ಕೈ ತಪ್ಪುವುದಿಲ್ಲ. "ಮಾವ. ಮುಂಗೋಪಿ. ಮರೆವು ಬೇರೆ. ಕರೆದರೂ ಬರುವುದಿಲ್ಲ."

ಲೋಕ ಇಂಥವರನ್ನು ಸಂಶಯಪಿಶಾಚಿಗಳೆಂದು ಕರೆದು ನಗುತ್ತದೆ, ನಾನೂ ನಕ್ಕವನೇ. ಎಲ್ಲರನ್ನೂ ನಂಬುತ್ತೇವೆ ಎನ್ನುವ ಉದಾರಹೃದಯರು ನನ್ನ ಬಂಧುಬಳಗದಲ್ಲಿ ಬೇಕಾದಷ್ಟಿದ್ದಾರೆ. ನಾನು ಸೂಜಿಗೆ ಹೆದರುತ್ತೇನೆ ಎಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅನುಮಾನದವರು ಮನುಷ್ಯನನ್ನು ತಿರುವಿ ಮುರುವಿ ನೋಡುತ್ತಾರೆ, ಅವನ ಕುಂದುಗಳನ್ನೆಲ್ಲ ಒಂದೂ ಬಿಡದೆ ಬರೆದಿಟ್ಟುಕೊಳ್ಳುತ್ತಾರೆ, ಅಷ್ಟೆಲ್ಲ ಆದ ಮೇಲೂ ಕೊನೆಗೆ ಕರೆದರೆ ಬರುತ್ತಾನೆ ಎಂದು ಎರಡು ಪದ ಸೇರಿಸುತ್ತಾರೆ. ಅಂಥವರು ಕರೆದಾಗ ಹೋಗದೆ ಇರುವುದು ಹೇಗೆ?