ಇನ್ನೊಬ್ಬಳ ಹೊಸ್ತಿಲು

ಪೋಲೆಂಡಿನ ಪಾಲಾದ ಸೈಲೀಸಿಯಾದಿಂದ ಹೊರದಬ್ಬಿಸಿಕೊಂಡು ಗೂಡ್ಸ್ ರೈಲಿನಲ್ಲಿ ಬಂದು ಎಂಟು ವರ್ಷವಾಗಿದ್ದರೂ ಹೆಡ್ವಿಗ್ ಜರ್ಮನಿಯ ಬವೇರಿಯದ ಆ ಹಳ್ಳಿಗೆ ಇನ್ನೂ ‘ನಿರಾಶ್ರಿತರ ಮುದುಕಿ’ಯೇ ಆಗಿದ್ದಳು. ಯುದ್ಧ ಮುಗಿದ ಮೇಲೆ ಅಧಿಕಾರಿಗಳು ಅವಳನ್ನು ಕ್ರೆಸೆನ್ಸ್ ಎಂಬ ವಿಧವೆಯ ಹೊಲಮನೆಗೆ ಕಳಿಸಿದ್ದರು. ಹಾಲು ಕರೆಯುವುದು, ಸಗಣಿ ಬಾಚುವುದು ಕೆಲಸ. ವಾಸ ಕೊಟ್ಟಿಗೆಯ ಮೇಲಿನ ಕೋಣೆಯಲ್ಲಿ. ಊಟವನ್ನೂ ತಟ್ಟೆಗೆ ಹಾಕಿಸಿಕೊಂಡು ಅಲ್ಲಿಗೇ ಒಯ್ಯಬೇಕು.

ಸಾವಿರದ ಒಂಬೈನೂರ ಐವತ್ತನಾಲ್ಕರ ಬೇಸಿಗೆಯಲ್ಲಿ ಆ ಅಂಗಳಕ್ಕೆ ಸಿನಿಮಾದವರು ಬಂದಿಳಿದರು. ಮಗ ಮನೆಯನ್ನು ಹೋಟೆಲಿನವರಿಗೆ ಮಾರಲು ಹೊರಟಾಗ ತಾಯಿ ಹೊಸ್ತಿಲ ಮೇಲೆ ಕೂತು ಅಳುವ ದೃಶ್ಯ. ಊರಿನವರೇ ಯಾರಾದರೂ ಬೇಕೆಂದಾಗ ಕ್ರೆಸೆನ್ಸ್ ತನ್ನ ತಾಯಿಯ ಉಡುಪು ತೊಟ್ಟು, ಎದೆಯ ಮೇಲೆ ಬೆಳ್ಳಿ ಸರಪಳಿ ಬಿಗಿದು ನಿಂತಳು. ಕ್ಯಾಮೆರಾ ತಿರುಗಿದೊಡನೆ ಮಾತ್ರ ನಗು ತಡೆಯಲಾಗಲಿಲ್ಲ. ಐದು ಸಲವೂ ಅದೇ ಪಾಡು.

ನಿರ್ದೇಶಕನ ಕಣ್ಣು ಹಾಲಿನ ಬಕೆಟ್ ಹಿಡಿದು ಹೋಗುತ್ತಿದ್ದ ಹೆಡ್ವಿಗ್ ಮೇಲೆ ಬಿತ್ತು. “ಮುಖ ಅಂದ್ರೆ ಇದು! ಈ ಬೆಟ್ಟದ ಮಣ್ಣಲ್ಲೇ ಹುಟ್ಟಿದ ಮುಖ!”

“ಅಯ್ಯೋ, ಅವಳು ಇಲ್ಲಿಯವಳೇ ಅಲ್ಲ. ಬಾಯಿ ತೆಗೆದ್ರೆ ಗೊತ್ತಾಗುತ್ತೆ!” ಎಂದಳು ಕ್ರೆಸೆನ್ಸ್.

“ಬಾಯಿ ಅವಳದ್ದಿರಲಿ, ದನಿ ಬೇರೆಯವರದ್ದು ಹಾಕೋಣ ಬಿಡಿ.”

ಯಜಮಾನಿಯ ತಾಯಿಯ ಉಡುಪಿನಲ್ಲಿ ಹೆಡ್ವಿಗ್ ಹೊಸ್ತಿಲ ಮೇಲೆ ಕೂತು ಬಾಗಿಲ ಚೌಕಟ್ಟು ಸವರಿದಳು. ಅಳು ಒತ್ತರಿಸಿ ಬಂತು. ಯಾವ ಮನೆಗಾಗಿ ಎಂಬುದೇ ಅವಳಿಗೆ ತಿಳಿಯಲಿಲ್ಲ. ಬಿಟ್ಟುಬಂದ ಮನೆಯನ್ನು ನೆನೆಯಹೋದರೆ ಕಣ್ಣ ಮುಂದೆ ಬಂದದ್ದು ಇದೇ ಅಂಗಳ, ಇದೇ ಹಸುಗಳು. ಅದಕ್ಕೆ ಇನ್ನಷ್ಟು ಅತ್ತಳು.

ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ ಊರಿಗೆ ಊರೇ ಪೇಟೆಯ ಟಾಕೀಸಿಗೆ ಹೋಯಿತು. ಪರದೆಯ ಮೇಲೆ ಹೆಡ್ವಿಗ್ ಅಪ್ಪಟ ಬವೇರಿಯದ ದನಿಯಲ್ಲಿ, “ಇಲ್ಲೇ ಹುಟ್ಟಿದೆ, ಇಲ್ಲೇ ಸಾಯ್ತೀನಿ” ಎಂದಳು. ಟಾಕೀಸಿನ ತುಂಬ ಮೂಗು ಸೀಟುವ ಸದ್ದು. ಕ್ರೆಸೆನ್ಸ್ ಪಕ್ಕದಲ್ಲೇ ಕೂತಿದ್ದ ಹೆಡ್ವಿಗ್ ತೋಳು ಹಿಡಿದು ಬಿಕ್ಕಿದಳು: “ನಮ್ಮಮ್ಮನೇ ಎದ್ದು ಬಂದ ಹಾಗಿದೆ ಕಣೇ!” ಎಂಟು ವರ್ಷದಲ್ಲಿ ಆ ಕೈ ತನ್ನನ್ನು ಮುಟ್ಟಿದ್ದು ಇದೇ ಮೊದಲು. ಹಿಡಿತ ಬಿಡಿಸಿಕೊಳ್ಳಬೇಕೋ, ಹಾಗೇ ಕೂರಬೇಕೋ ಹೆಡ್ವಿಗ್‌ಗೆ ತೋಚಲಿಲ್ಲ.

ಸಂಜೆ ಅವಳು ತಟ್ಟೆ ಎತ್ತಿಕೊಳ್ಳುವಾಗ ಕ್ರೆಸೆನ್ಸ್ ತಡೆದಳು. “ಇಲ್ಲೇ ಕೂತ್ಕೋ. ಎಲ್ಲಿ, ಆ ಮಾತು ಇನ್ನೊಂದ್ಸಲ ಹೇಳು.”

ಹೆಡ್ವಿಗ್ ಹೇಳಿದಳು, ಸೈಲೀಸಿಯಾದ ರಾಗದಲ್ಲಿ. ಕ್ರೆಸೆನ್ಸಳ ಮುಖ ಸಪ್ಪಗಾಯಿತು.

“ಹಾಗಲ್ಲ... ಹೋಗ್ಲಿ ಬಿಡು. ನಾಳೆಯಿಂದ ಇಲ್ಲೇ ಊಟ ಮಾಡು. ಮಾತು ಮಾತ್ರ ಆಡ್ಬೇಡ.”

ಇದು ಮರ್ಯಾದೆಯೋ ಅವಮಾನವೋ? ಎದ್ದು ಹೋಗೋಣವೆಂದರೆ ಬಿಸಿ ಸಾರು ತಟ್ಟೆಯಲ್ಲಿತ್ತು, ಒಲೆ ಬೆನ್ನಿಗೆ ಹಿತವಾಗಿತ್ತು. ಹೆಡ್ವಿಗ್ ಒಂದು ಚಮಚ ಬಾಯಿಗಿಟ್ಟು ನೋಡಿದಳು.

“ಅಮ್ಮಾವ್ರೇ, ಸಾರಿಗೆ ಉಪ್ಪೇ ಹಾಕಿಲ್ವಲ್ಲ!” ಎಂದಳು, ತನ್ನದೇ ಮಾತಿನಲ್ಲಿ, ತುಸು ಗಟ್ಟಿಯಾಗಿಯೇ.

ಕ್ರೆಸೆನ್ಸ್ ಅವಳನ್ನು ದುರುಗುಟ್ಟಿ ನೋಡಿದಳು. ಆಮೇಲೆ ಉಪ್ಪಿನ ಬಟ್ಟಲನ್ನು ಅವಳತ್ತ ಸರಿಸಿದಳು.