ಹೂಂ ಅಂದವಳ ಗೈರುಹಾಜರಿ

ಆ ಸೋಮವಾರ ಬೆಳಿಗ್ಗೆ ಮುಂಬಯಿಯ ವಿಕ್ರೋಳಿಯಲ್ಲಿ ಮಳೆ ಬರುತ್ತಲೂ ಇರಲಿಲ್ಲ, ನಿಂತೂ ಇರಲಿಲ್ಲ. ಗಾಳಿಯೇ ಒದ್ದೆಯಾಗಿತ್ತು. ಛತ್ರಿ ಬಿಚ್ಚಿದವರೂ ನೆನೆದರು, ಬಿಚ್ಚದವರೂ ನೆನೆದರು. ಶರಣವ್ವ ಗುಡ್ಡದ ಮೇಲಿನ ಚಾಳಿನಿಂದ ಕೆಸರು ಮೆಟ್ಟಿಲು ಇಳಿದು ಬಂದಳು. ನಸುಕಿನಲ್ಲೆದ್ದು ಮೊದಲು ನಳದ ಸರದಿಯಲ್ಲಿ ನಿಂತಿದ್ದಳು, ಆಮೇಲೆ ಪಾಯಖಾನೆಯ ಸರದಿಯಲ್ಲಿ. ನಿಂತೂ ನಿಂತೂ ಮೊಣಕಾಲು ಬಾತಿದ್ದವು. ಹಣೆಯ ವಿಭೂತಿ ಅರ್ಧ ದಾರಿಗೇ ಕರಗಿ ಮೂಗಿನ ಮೇಲೆ ಇಳಿಯಿತು. ಶಿವ ಹಚ್ಚಿಸಿದ, ಶಿವನೇ ತೊಳೆದ ಎಂದುಕೊಂಡು ಸೆರಗಿನಿಂದ ಒರೆಸಿಕೊಂಡಳು.

ಅವಳ ಗಂಡ ಬಿಲ್ಡಿಂಗ್ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡು ಮನೆಯಲ್ಲಿದ್ದ. ಮುಂಬಯಿಗೆ ಬಂದಾಗಿನಿಂದ ಅವಳು ಮಾಡಿದ್ದು ಮಂದಿಯ ಮನೆಯ ಮುಸುರೆ ತಿಕ್ಕುವ ಕೆಲಸ. ಈಗ ಮೊಣಕಾಲು ಬಗ್ಗುತ್ತಿರಲಿಲ್ಲ. ಶಿವ ಕಣ್ಣು ಬಿಟ್ಟಂತೆ ಈ ಫೋನಿನ ಕೆಲಸ ಸಿಕ್ಕಿತ್ತು. ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ. ಇದು ಹೋದರೆ ಮತ್ತೆ ಮೋರಿಯ ಮುಂದೆ ಕುಕ್ಕರಗಾಲಲ್ಲಿ ಕೂರಬೇಕು. ಕೂತರೆ ಏಳುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ಒಂದು ಗೋಡೌನಿನ ಮೇಲಿನ ಮಹಡಿಯಲ್ಲಿ ಆ ಆಫೀಸು. ಮಿಕ್ಸರು, ಫ್ಯಾನು ಮಾಡುವ ಯಾವುದೋ ಕಂಪನಿಗೆ ಕನ್ನಡ ನಾಡಿನಿಂದ ಬರುವ ದೂರಿನ ಫೋನ್ ಕಾಲುಗಳನ್ನೆಲ್ಲ ಅಲ್ಲಿ ಎತ್ತುತ್ತಿದ್ದರು. ಎತ್ತುವವರು ಆರೇ ಹೆಂಗಸರು, ಒಂದೇ ಸಾಲು. ಮೊದಲೆಲ್ಲ ಯಾರು ಎಷ್ಟು ಕಾಲು ಎತ್ತಿದರು ಎಂಬುದನ್ನು ಕಂಪ್ಯೂಟರಿನ ಕಿಶೋರ ಸಂಜೆ ಒಟ್ಟಿಗೆ ಡೇಟಾಬೇಸಿಗೆ ಹಾಕುತ್ತಿದ್ದ. ಆ ಸೋಮವಾರದಿಂದ ಹೊಸ ಪದ್ಧತಿ ಬಂತು. ಕಾಲು ನಡೆಯುತ್ತಿರುವಾಗಲೇ ಅದರ ವಿವರ ಡೇಟಾಬೇಸಿಗೆ ಹೋಗಿ ಬೀಳುತ್ತಿತ್ತು. ಬಿದ್ದದ್ದು ಅದೇ ಗಳಿಗೆಗೆ ಗೋಡೆಯ ದೊಡ್ಡ ಟೀವಿಯಲ್ಲಿ ಒಂದು ಸಾಲಾಗಿ ಮೂಡುತ್ತಿತ್ತು. ಯಾರು ಎತ್ತಿದರು, ಎಷ್ಟು ಹೊತ್ತು ಮಾತಾಡಿದರು, ಎಷ್ಟು ಹೊತ್ತು ಸುಮ್ಮನಿದ್ದರು. ಮಾತು ಹೆಚ್ಚಾದರೆ ಸಾಲು ಹಸಿರು, ಮೌನ ಹೆಚ್ಚಾದರೆ ಕೆಂಪು. ದಿನದ ಮಾತು, ಮೌನ ಎರಡನ್ನೂ ಅದು ಕೂಡಿಸುತ್ತಿತ್ತು. ಒಟ್ಟಿನಲ್ಲಿ ಮೌನವೇ ಹೆಚ್ಚಾದವಳು ಆ ದಿನ ಬಂದೇ ಇಲ್ಲ. ಮೂರು ದಿನ ಬರದವಳ ಹೆಸರು ತಾನಾಗಿ ಅಳಿಸಿಹೋಗುತ್ತದೆ.

ಮಧ್ಯಾಹ್ನ ಮ್ಯಾನೇಜರ್ ಬಸವಂತರಾಯರು ಬಂದು ಗೋಡೆ ನೋಡಿದರು.

‘ಶರಣವ್ವ ಬಂದಿಲ್ಲ.’

‘ಬಂದೀನ್ರಿ ಸಾಹೇಬರ. ಮುಂಜಾನಿಂದ ಇಲ್ಲೇ ಕುಂತೀನಿ.’

‘ನೀವು ಕುಂತಿರಬಹುದು. ಬಂದಿಲ್ಲ.’

‘ಬರಲಾರದ ಹೆಂಗ ಕುಂದ್ರಲಿ?’

‘ಅದು ನಿಮ್ಮ ಪ್ರಾಬ್ಲೆಮ್. ಡೇಟಾಬೇಸ್ ಸುಳ್ಳು ಹೇಳೂದಿಲ್ಲ. ಅದಕ್ಕ ಹೆಂಡ್ತಿ ಮಕ್ಕಳು ಅದಾರೇನು, ಸುಳ್ಳು ಹೇಳಿ ಹೊಟ್ಟಿ ಹೊರ್ಯಾಕ?’

ಬಸವಂತರಾಯರದು ವಿಜಯಪುರದ ವ್ಯಾಪಾರಸ್ಥ ಮನೆತನ. ಪಾರ್ಲೆಯಲ್ಲಿ ಸ್ವಂತ ಫ್ಲಾಟು. ನಮ್ಮ ಕಡೆಯವರು ಎಂದು ಶರಣವ್ವ ಕೆಲಸಕ್ಕೆ ಸೇರಿದ ದಿನ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದಳು. ಈಗ ಅವರು ಅವಳ ಕಡೆ ತಿರುಗಿಯೂ ನೋಡದೆ ಮುಂದೆ ಹೋದರು.

ಚಹಾ ತಂದ ಯಲ್ಲಾಲಿಂಗನೂ ಗೋಡೆ ನೋಡಿದ. ಹಸಿರು ಹೆಸರಿಗೊಂದು ಕಪ್ ಚಹಾ ಎಂದು ಅವನಿಗೆ ಹುಕುಂ ಆಗಿತ್ತು.

‘ಅಕ್ಕಾ, ನೀ ಇಲ್ಲಲ್ಲ,’ ಎಂದ ಸಂಕಟದಿಂದ.

‘ಹಂಗಾರ ಯಾರ ಕೂಡ ಮಾತಾಡ್ಲಾಕತ್ತೀಯೋ ನಮ್ಮಪ್ಪಾ?’ ಎಂದಳು ಪಕ್ಕದ ಕುರ್ಚಿಯ ಗುರುಬಾಯಿ. ಅವಳದು ಹರಿತವಾದ ನಾಲಿಗೆ. ತನ್ನ ಕಪ್ಪಿನಲ್ಲಿ ಅರ್ಧವನ್ನು ಶರಣವ್ವನ ಸ್ಟೀಲ್ ಲೋಟಕ್ಕೆ ಸುರಿದಳು. ‘ಕುಡಿ. ಇಲ್ಲದಾಕಿಗೂ ನೀರಡಿಕಿ ಆಗ್ತೈತಿ.’

ಮಂಗಳವಾರವೂ ಶರಣವ್ವ ಬರಲಿಲ್ಲ. ಎಂದರೆ, ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಎದ್ದಳು. ಸಂಜೆ ಅವಳು ಕಿಶೋರನ ಮೇಜಿನ ಹತ್ತಿರ ಹೋಗಿ ನಿಂತಳು. ಕಿಶೋರನ ಅಪ್ಪ ಅಮ್ಮ ಧಾರವಾಡದವರು. ಅವನು ಹುಟ್ಟಿ ಬೆಳೆದದ್ದು ಸಾಂತಾಕ್ರೂಜಿನಲ್ಲಿ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಬಾಯಿಗೆ ಅರ್ಧವೇ ಬರುತ್ತಿತ್ತು.

‘ಯಪ್ಪಾ, ನಾ ಯಾಕ ಇಲ್ಲ, ಸ್ವಲ್ಪ ನೋಡಿ ಹೇಳು.’

ಅವನು ಹುಡುಕಿ ನೋಡಿದ. ಅವಳ ಫೋನ್ ಕಾಲುಗಳು ಎಲ್ಲರವಕ್ಕಿಂತ ಉದ್ದವಾಗಿದ್ದವು. ಅವುಗಳ ರೆಕಾರ್ಡಿಂಗ್ ಕಿವಿಗೆ ಹಚ್ಚಿ ಕೇಳಿದ. ಫೋನು ಮಾಡಿದವರು ಹೇಳುತ್ತಲೇ ಇದ್ದರು. ಈ ಕಡೆಯಿಂದ ಒಂದೇ ಸದ್ದು.

‘ಅಕ್ಕಾ, ನೀವು ಬರೀ ಹೂಂ ಹೂಂ ಕರ್ತಾ... ಮಾಡ್ತಾ ಇದೀರಿ. ಸಿಸ್ಟಮ್‌ಗೆ ಹೂಂ ಮಾತು ಅಲ್ಲ. ನಾಯ್ಸ್ ಅದು. ಫ್ಯಾನ್ ಸೌಂಡ್ ಥರ. ಅದು ತೆಗೆದು ಹಾಕುತ್ತೆ.’

‘ಹೂಂ ಅನ್ನಲಾರದ ಅವರು ಹೆಂಗ ಹೇಳ್ತಾರಪ್ಪಾ?’

ಕಿಶೋರನಿಗೆ ಈ ಪ್ರಶ್ನೆ ಅರ್ಥವಾಗಲಿಲ್ಲ. ಶರಣವ್ವನ ಊರು ಇಂಡಿ ತಾಲೂಕಿನಲ್ಲಿ. ಅಲ್ಲಿ ಕಥೆ ಹೇಳುವವರು ಒಬ್ಬರಾದರೆ ಹೂಂಗುಟ್ಟುವವರು ಒಬ್ಬರು ಇರಲೇಬೇಕು. ಹೂಂ ನಿಂತರೆ ಕಥೆ ನಿಲ್ಲುತ್ತದೆ. ರಾಜಕುಮಾರ ಕುದುರೆ ಏರಿದವನು ಏರಿಯೇ ಇರುತ್ತಾನೆ, ಇಳಿಸುವವರಿಲ್ಲ. ಕಷ್ಟ ಹೇಳಿಕೊಳ್ಳುವುದಕ್ಕೂ ಇದೇ ಪದ್ಧತಿ. ಗುಡಿಯಲ್ಲಿ ಲಿಂಗದ ಮುಂದೆ ನಿಂತು ತನ್ನ ಗೋಳು ಹೇಳುವವನೂ ನಡುನಡುವೆ ಒಂದು ಗಳಿಗೆ ಸುಮ್ಮನಾಗುತ್ತಾನೆ. ಹೂಂ ಅನ್ನಲು ಕಲ್ಲಿಗೂ ಅಷ್ಟು ಸಮಯ ಬೇಕು ಎಂದು ಅವನಿಗೆ ಗೊತ್ತು. ಸಿಂದಗಿಯಿಂದಲೋ ಚಡಚಣದಿಂದಲೋ ಫೋನು ಮಾಡುವವರು ಕೆಟ್ಟ ಮಿಕ್ಸರಿನಿಂದ ಮಾತು ಶುರು ಮಾಡುವುದಿಲ್ಲ. ಅದನ್ನು ಕೊಡಿಸಿದ ಅಳಿಯನಿಂದ, ಅಳಿಯನಿಗೆ ಕೊಟ್ಟ ಮಗಳಿಂದ ಶುರು ಮಾಡುತ್ತಾರೆ. ಶರಣವ್ವ ಹೂಂ ಅನ್ನುತ್ತಿದ್ದಳು. ಕೊನೆಗೊಮ್ಮೆ ಮಿಕ್ಸರು ಬರುತ್ತಿತ್ತು. ಬಂದಾಗ ಅದನ್ನು ಸರಿಪಡಿಸುವ ದಾರಿ ಹೇಳುತ್ತಿದ್ದಳು. ಆದರೆ ಅಷ್ಟು ಹೊತ್ತಿಗೆ ಗೋಡೆಯ ಮೇಲೆ ಸಾಲು ಕೆಂಪಾಗಿರುತ್ತಿತ್ತು.

ಬುಧವಾರ ಬೆಳಿಗ್ಗೆ ಬಸವಂತರಾಯರು ಆರೂ ಜನರನ್ನು ನಿಲ್ಲಿಸಿ ಪಾಠ ಮಾಡಿದರು.

‘ಹೂಂ ಬಂದ್. ಕಸ್ಟಮರ್ ಉಸಿರು ತಗೊಂಡ ಕೂಡ್ಲೇ ಹೌದು ಸಾರ್, ಖಂಡಿತ ಸಾರ್, ಬಹಳ ಸಂತೋಷ ಸಾರ್. ಸಮಝಾ?’

‘ಅವರು ಏನ್ ಹೇಳಿದ್ರೂ ಸಂತೋಷವಾ?’ ಎಂದಳು ಮಂಗಳೂರಿನ ಮೋಹಿನಿ. ‘ಎಂತ ಸಾವು ಮಾರಾಯ್ರೆ ಇದು.’

‘ಏನ್ ಹೇಳಿದ್ರೂ.’

ಶರಣವ್ವ ಶಿವನ ಹೆಸರು ಹೇಳಿ ಹೆಡ್‌ಫೋನು ಹಾಕಿಕೊಂಡಳು. ಹೌದು ಸಾರ್ ಎಂದಳು. ಖಂಡಿತ ಸಾರ್ ಎಂದಳು. ಗೋಡೆಯ ಮೇಲೆ ಅವಳ ಹೆಸರಿನ ಎದುರು ಹಸಿರು ಸಾಲು ಚಿಗುರಿತು. ಯಲ್ಲಾಲಿಂಗ ಓಡಿ ಬಂದು ಕಪ್ಪು ತುಂಬ ಚಹಾ ಕೊಟ್ಟ.

ಆಮೇಲೆ ಸಿಂದಗಿ ಕಡೆಯ ಚಂದ್ರಾಮನೆಂಬ ಮುದುಕನ ಕಾಲು ಬಂತು.

‘ತಂಗಿ, ಮಿಕ್ಸರಿನ ಡಬ್ಬಿ ಕುಂದ್ರವಲ್ದು ನೋಡವಾ.’

‘ಹೌದು ಸಾರ್.’

‘ನನಗ ಇದರ ರೂಢಿ ಇಲ್ಲ. ಮನಿಯಾಕಿ ಮಾಡ್ತಿದ್ಲು.’

‘ಖಂಡಿತ ಸಾರ್.’

‘ಆಕಿ ಹೋದ ಅಮಾಸಿಗೆ ತೀರಿಕೊಂಡ್ಲು.’

‘ಬಹಳ ಸಂತೋಷ ಸಾರ್.’

ಆ ಕಡೆ ಒಂದು ಕೋಳಿ ಕೂಗಿದ್ದು ಕೇಳಿಸಿತು. ಆಮೇಲೆ ಫೋನು ಇಟ್ಟ ಸದ್ದು.

ಅವಳು ಬಾಯಿ ಮುಚ್ಚಿಕೊಂಡಳು. ಗೋಡೆಯ ಮೇಲೆ ಅಚ್ಚ ಹಸಿರು ಸಾಲು ಮೂಡಿತ್ತು. ಮೌನ ಸೊನ್ನೆ. ಬಸವಂತರಾಯರು ಚಪ್ಪಾಳೆ ತಟ್ಟಿದರು. ಆ ಕಾಲನ್ನು ಸ್ಪೀಕರಿಗೆ ಹಾಕಿಸಿ ಎಲ್ಲರಿಗೂ ಕೇಳಿಸಿದರು.

‘ಆಕಿ ತೀರಿಕೊಂಡ್ಲು’ ಎಂದಿತು ಸ್ಪೀಕರು. ‘ಬಹಳ ಸಂತೋಷ ಸಾರ್’ ಎಂದಿತು.

‘ಇದು ಮಾದರಿ ಕಾಲ್. ನಾಳಿಂದ ದಿನಾ ಮುಂಜಾನೆ ಎಲ್ಲರೂ ಇದನ್ನ ಕೇಳಿ ಕೆಲಸ ಚಾಲೂ ಮಾಡಬೇಕು. ಶಾಬಾಸ್ ಶರಣವ್ವ!’

ಮೂರು ದಿನಗಳಲ್ಲಿ ಮೊದಲ ಸಲ ಅವರು ಅವಳ ಮುಖ ನೋಡಿದ್ದರು. ಅವಳು ಅದನ್ನು ಗಮನಿಸಲಿಲ್ಲ. ತನ್ನ ಮುಂದಿನ ಪರದೆಯ ಮೇಲೆ ಇನ್ನೂ ಇದ್ದ ಮುದುಕನ ನಂಬರನ್ನು ಒತ್ತಿದಳು.

‘ಯಪ್ಪಾ, ತಪ್ಪಾತು. ಹೊಟ್ಟಿಪಾಡಿಗೆ ಬಾಯಿ ಜಾರಿತು. ಈಗ ಹೇಳ್ರಿ.’

ಮುದುಕ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಆಮೇಲೆ ಶುರು ಮಾಡಿದ. ತೀರಿಕೊಂಡ ಹೆಂಡತಿಯ ಹೆಸರು ಹೇಳಿದ. ಅವಳು ಮಾಡುತ್ತಿದ್ದ ಶೇಂಗಾ ಚಟ್ನಿಯನ್ನು ಹೇಳಿದ. ಅದೇ ರುಚಿ ತಾನೂ ತೆಗೆಯಬೇಕೆಂದು ಶೇಂಗಾ ಹುರಿದು ಇಟ್ಟುಕೊಂಡು, ಡಬ್ಬಿ ಕೂಡದೆ, ಮಿಕ್ಸರಿನ ಮುಂದೆ ಅತ್ತದ್ದನ್ನು ಹೇಳಿದ. ಶರಣವ್ವ ಹೂಂ ಅಂದಳು. ಮತ್ತೆ ಹೂಂ ಅಂದಳು. ಕೊನೆಗೆ, ಡಬ್ಬಿಯ ಗುರುತನ್ನು ಮಿಕ್ಸರಿನ ಗುರುತಿಗೆ ಹೊಂದಿಸಿ ಒತ್ತಿ ತಿರುವಲು ಹೇಳಿದಳು. ಮಿಕ್ಸರು ಗರಗರ ತಿರುಗಿದ್ದು ಕೇಳಿಸಿತು.

ಅಷ್ಟರಲ್ಲಿ ಆ ಒಂದು ಕಾಲಿನ ಮೌನ ಬೆಳಗಿನ ಹಸಿರನ್ನೆಲ್ಲ ನುಂಗಿತ್ತು. ಮೂರನೆಯ ದಿನವೂ ಗೈರು. ಗೋಡೆಯ ಮೇಲಿನ ಅವಳ ಹೆಸರು ಒಮ್ಮೆ ಮಿನುಗಿ ಮಾಯವಾಯಿತು.

ಬಸವಂತರಾಯರು ಬಂದು ಅವಳ ಕೊರಳಿನ ಗುರುತಿನ ಕಾರ್ಡು ತೆಗೆದುಕೊಂಡು ಜೇಬಿಗಿಟ್ಟರು. ಆ ಕಾರ್ಡಿಲ್ಲದೆ ಬಾಗಿಲು ತೆರೆಯುತ್ತಿರಲಿಲ್ಲ.

‘ಹೊರಗ ನಡೀರಿ.’

‘ಯಾರು?’ ಎಂದಳು ಗುರುಬಾಯಿ, ಕೂತಲ್ಲಿಂದಲೇ.

‘ಶರಣವ್ವ.’

‘ಆಕಿ ಇಲ್ಲಲ್ರಿ. ಸೋಮವಾರದಿಂದ ಬಂದೇ ಇಲ್ಲ. ನೀವೇ ಹೇಳೀರಿ. ಇಲ್ಲದಾಕಿನ್ನ ಹೊರಗ ಹೆಂಗ ಹಾಕ್ತೀರಿ?’

‘ಚಾಷ್ಟಿ ಮಾಡಬ್ಯಾಡ ಗುರುಬಾಯಿ!’

‘ಚಾಷ್ಟಿ ಅಲ್ರಿ. ಆಕಿನ್ನ ಹೊರಗ ಹಾಕಬೇಕಂದ್ರ ಮೊದಲು ಒಳಗ ಬರೀರಿ. ಬಂದಾಳಂತ ಬರೀರಿ, ಆಮ್ಯಾಲ ಕಳಸ್ರಿ.’

ಬಸವಂತರಾಯರು ಕಿಶೋರನ ಕಡೆ ನೋಡಿದರು. ಅವನು ತಲೆ ಕೆರೆದುಕೊಂಡು, ‘ಲಾಜಿಕ್ ಕರೆಕ್ಟ್ ಇದೆ ಸರ್,’ ಎಂದ.

ಶರಣವ್ವ ಕೂತೇ ಇದ್ದಳು. ಇಲ್ಲದಿರುವುದು ಇಷ್ಟು ಹಗುರ ಎಂದು ಅವಳಿಗೆ ಗೊತ್ತಿರಲಿಲ್ಲ.

ಗುರುಬಾಯಿಯ ಮೇಜಿನ ಮೇಲೆ ಫೋನು ರಿಂಗಾಯಿತು. ಅವಳು ಬಸವಂತರಾಯರನ್ನೇ ನೋಡುತ್ತ ಎತ್ತಿದಳು. ಹೌದು ಸಾರ್ ಅನ್ನಲಿಲ್ಲ.

‘ಹೂಂ,’ ಎಂದಳು.

ಮೋಹಿನಿ ಎತ್ತಿದಳು. ಅವಳ ಊರಿನ ಕಡೆಯ ಹೂಂ ಮೂಗಿನಿಂದ ಬರುತ್ತಿತ್ತು. ಉಳಿದ ಮೂವರೂ ಎತ್ತಿದರು. ಆ ತಗಡಿನ ಮಾಡಿನ ಕೋಣೆಯಲ್ಲಿ ಐದು ಹೂಂಗಳು ಒಂದರ ಹಿಂದೊಂದು ಏಳತೊಡಗಿದವು. ಒಬ್ಬಳಿಗೆ ಅಥಣಿಯ ಹೆಂಗಸು ಸೊಸೆಯ ಕಥೆ ಹೇಳುತ್ತಿದ್ದಳು. ಇನ್ನೊಬ್ಬಳಿಗೆ ಒಬ್ಬ ಮಾಸ್ತರರು ಫ್ಯಾನಿನ ಕೆಳಗೆ ಮಲಗಿದಾಗ ಬಿದ್ದ ಕನಸು ಹೇಳುತ್ತಿದ್ದರು. ಗೋಡೆ ಕೆಂಪಾಯಿತು. ಸಾಲಿಗೆ ಸಾಲು ಕೆಂಪು. ಮೋಹಿನಿ ಗೈರು. ಗುರುಬಾಯಿ ಗೈರು. ಕೊನೆಗೆ ಟೀವಿಯಲ್ಲಿ ಹಾಜರಿದ್ದವರ ಪಟ್ಟಿ ಖಾಲಿಯಾಯಿತು. ಯಾರೂ ಇಲ್ಲದ ಆಫೀಸಿಗೆ ತಂಪು ಯಾಕೆಂದು ಏಸಿ ತಾನಾಗಿ ನಿಂತಿತು. ಬಾಗಿಲಿನ ಕೀಲಿ ಟಕ್ಕೆಂದು ಬಿತ್ತು.

ಆ ಗೋಡೆಯನ್ನು ಪಾರ್ಲೆಯ ದೊಡ್ಡ ಆಫೀಸಿನಲ್ಲೂ ನೋಡುತ್ತಿದ್ದರು. ಬಸವಂತರಾಯರ ಮೊಬೈಲು ಬಡಿದುಕೊಂಡಿತು.

‘ವಿಕ್ರೋಳಿಗೆ ಇವತ್ತು ಯಾರೂ ಬಂದಿಲ್ಲವೇಕೆ?’ ಹಿಂದಿಯಲ್ಲಿ ಕೇಳಿತು ಆ ಕಡೆಯ ದನಿ.

‘ಎಲ್ಲರೂ ಇದ್ದಾರೆ ಸಾರ್. ನಾನೇ ಇದ್ದೇನಲ್ಲ!’

‘ತಾವು ಯಾರು?’

‘ಬಸವಂತರಾಯ ಸಾರ್. ಮ್ಯಾನೇಜರ್.’

‘ಮ್ಯಾನೇಜರ್ ಬಂದಿಲ್ಲ. ನನ್ನ ಮುಂದೆ ಕಾಣುತ್ತಿದೆ. ಖಾಲಿ ಆಫೀಸಿಗೆ ಹೊಕ್ಕು ಮ್ಯಾನೇಜರ್ ಫೋನು ಎತ್ತುತ್ತಿರುವ ನೀವು ಯಾರು?’

ಒಬ್ಬಳು ಹಾಜರಿದ್ದರೂ ಮ್ಯಾನೇಜರ್ ಹಾಜರು ಎಂಬ ನಿಯಮ ಹಾಕಿಸಿದ್ದವರು ಬಸವಂತರಾಯರೇ. ಮನೆಯಲ್ಲಿ ಮಲಗಿದ್ದರೂ ಹಾಜರಿ ಬೀಳಲಿ ಎಂದು. ಒಬ್ಬಳೂ ಇಲ್ಲದಿದ್ದರೆ ಏನಾಗುತ್ತದೆ ಎಂದು ಅವರು ಯೋಚಿಸಿರಲಿಲ್ಲ. ಬಾಗಿಲಿಗೆ ಓಡಿ ತಮ್ಮ ಕಾರ್ಡು ಒತ್ತಿದರು. ಬಾಗಿಲು ತೆರೆಯಲಿಲ್ಲ. ಶರಣವ್ವನ ಕಾರ್ಡು ಒತ್ತಿದರು. ಅದಕ್ಕೂ ತೆರೆಯಲಿಲ್ಲ. ಸೆಕೆಯಲ್ಲಿ ಅಂಗಿ ಮೈಗಂಟಿತು.

‘ಪಾರ್ಲೆಯವರು ವಾಚ್‌ಮನ್‌ನ ಕಳಸ್ತಾರಂತ, ಕಳ್ಳನ್ನ ಹಿಡಿಲಿಕ್ಕೆ!’ ಎಂದು ಕೂಗಿದರು. ‘ಗುರುಬಾಯಿ, ತಂಗಿ, ಒಂದ್ ಸಲ ಖಂಡಿತ ಸಾರ್ ಅನ್ನವಾ. ಒಂದೇ ಸಲ!’

ಗುರುಬಾಯಿ ಫೋನಿಗೆ ಕೈ ಅಡ್ಡ ಹಿಡಿದಳು.

‘ಆ ಮಾದರಿ ಕಾಲ್ ಅಳಸ್ರಿ. ಶರಣವ್ವನ ಮೂರು ದಿನ ತಿರುಗಿ ಕೊಡ್ರಿ. ಹೂಂ ಅಂದ್ರ ಮಾತು ಅಂತ ಬರೀರಿ.’

‘ಅದು ಡಿಕ್ಷನರಿಯಾಗ ಇಲ್ಲ!’

‘ಈಗ ನೀವು ಎದ್ರಾಗ ಅದೀರಿ?’

ಬಸವಂತರಾಯರು ಕಿಶೋರನಿಗೆ ಕೈಸನ್ನೆ ಮಾಡಿದರು. ಹುಡುಗ ಕಾಯುತ್ತಲೇ ಇದ್ದ. ಮೊದಲು ಮುದುಕನ ಮಾದರಿ ಕಾಲನ್ನು ಅಳಿಸಿದ. ಆಮೇಲೆ ಹೂಂ ಎಂಬುದನ್ನು ಮಾತುಗಳ ಸಾಲಿಗೆ ಸೇರಿಸಿ, ಸೋಮವಾರದಿಂದ ಎಲ್ಲ ಕಾಲುಗಳನ್ನೂ ಮತ್ತೆ ಡೇಟಾಬೇಸಿಗೆ ಹರಿಸಿದ. ಗೋಡೆಯ ಮೇಲೆ ಸೋಮವಾರ ಮೂಡಿತು, ಹಸಿರಾಗಿ. ಮಂಗಳವಾರ ಮೂಡಿತು. ಬುಧವಾರ ಮೂಡಿತು. ಏಸಿ ಒಮ್ಮೆ ಕೆಮ್ಮಿ ತಿರುಗಿತು. ಬಾಗಿಲು ಬಿಚ್ಚಿಕೊಂಡಿತು. ಆದರೆ ಯಾರೂ ಆ ಕಡೆ ನೋಡಲಿಲ್ಲ. ಎಲ್ಲರ ಕಿವಿಯಲ್ಲೂ ಯಾರಾದರೊಬ್ಬರು ಹೇಳುತ್ತಿದ್ದರು.

ಶರಣವ್ವನ ಫೋನೂ ರಿಂಗಾಯಿತು. ಅವಳು ಎತ್ತಿದಳು.

ಬಸವಂತರಾಯರು ಬೆವರು ಒರೆಸಿಕೊಂಡು ಅವಳ ಮೇಜಿನ ಹತ್ತಿರ ಬಂದರು. ಬೈಯಲು ಬಾಯಿ ತೆರೆದರು. ಅವಳು ಅವರ ಕಡೆ ನೋಡದೆ, ತಡೆಯಿರಿ ಎಂಬಂತೆ ಒಂದು ಅಂಗೈ ಎತ್ತಿದಳು. ಹಾಗೆ ಅವಳು ಯಾರಿಗೂ ಕೈ ಎತ್ತಿದವಳಲ್ಲ. ಅವರು ನಿಂತರು. ಆ ಕಡೆಯವರ ಮಾತು ಮುಗಿಯುವ ಲಕ್ಷಣ ಕಾಣಲಿಲ್ಲ. ಕೊನೆಗೆ ಅವರು ಜೇಬಿನಿಂದ ಕಾರ್ಡು ತೆಗೆದು, ಅದರ ದಾರವನ್ನು ಬೆರಳಿಂದ ನೇರ ಮಾಡಿ, ಸದ್ದಾಗದಂತೆ ಅವಳ ಮೇಜಿನ ಮೇಲೆ ಇಟ್ಟು ಹೋದರು.